ನಿದಾನವೂ ನಿಧಾನವೂ

ರೋಗವು ಇಂಥದೆಂದು ಗೊತ್ತುಮಾಡುವುದಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ನಿದಾನವೆಂದು ಹೆಸರು. ಆತುರಪಡದೆ ನಿಂತು ನೋಡಿ ಕೆಲಸಮಾಡುವುದಕ್ಕೆ ಕನ್ನಡಿಗರು ನಿಧಾನವೆನ್ನುವರು. ಬರವಣಿಗೆಯಲ್ಲಿ ಈ ಎರಡು ಮಾತುಗಳಿಗೆ ಒಂದು ಮಹಾಪ್ರಾಣದ ಭೇದವುಂಟು. ಆದರೆ ತುಂಗಭದ್ರೆಯ ದಂಡೆಯ ನಮ್ಮ ಜನರ ಬಾಯಲ್ಲಿ ಆ ಭೇದವು ನಿಲ್ಲುವುದಿಲ್ಲ. ಎರಡೂ ಒಂದೇ ಮಾತಾಗಿ ಕೇಳಿಸುತ್ತವೆ. ಇದು ಕೇವಲ ಉಚ್ಚಾರಣೆಯ ಸಡಿಲವೆಂದು ನಾನು ಬಹುಕಾಲ ತಿಳಿದಿದ್ದೆನು. ಈಚೆಗೆ ಒಂದು ಪ್ರಶ್ನೆಯನ್ನು ಕುರಿತು ಯೋಚಿಸುತ್ತಿರುವಾಗ, ಆ ಸಡಿಲದಲ್ಲಿಯೂ ಒಂದು ವಿವೇಕವು ಅಡಗಿರಬಹುದೆಂದು ತೋರಿತು. ಆ ಪ್ರಶ್ನೆ ಯಾವುದೆಂದರೆ: ಮನುಷ್ಯನ ಮೈಯಿಂದ ತೆಗೆದ ಒಂದು ಚೂರು ಮಾಂಸದ ಚಿತ್ರವನ್ನು ನೋಡಿ, ಇದು ಅರ್ಬುದ, ಇದು ಅಲ್ಲ, ಇದು ಅರ್ಬುದದಲ್ಲಿ ಈ ಜಾತಿಯದು ಎಂದು ಯಂತ್ರವೊಂದು ವಿಂಗಡಿಸಬಲ್ಲುದಾದರೆ, ಆ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಧರ್ಮವೆ? ಒಪ್ಪಿಸುವುದಾದರೆ ಎಷ್ಟರ ಮಟ್ಟಿಗೆ? ಅರ್ಬುದವೆಂದರೆ ಈಗ ಎಲ್ಲರೂ ಕ್ಯಾನ್ಸರೆಂದು ಕರೆಯುವ ರೋಗವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ಕಂಪ್ಲಿಯಲ್ಲಿದ್ದ ನನ್ನ ಸೋದರತ್ತೆಯವರಿಗೆ ಕೆನ್ನೆಯ ಒಳಮಗ್ಗುಲಲ್ಲಿ ಒಂದು ಹುಣ್ಣು ಕಾಣಿಸಿಕೊಂಡಿತು. ಅವರಿಗೆ ನಲವತ್ತು ವರ್ಷಗಳಿಂದ ಎಲೆ ಅಡಕೆಯೊಡನೆ ಹೊಗೆಸೊಪ್ಪನ್ನು ಹಾಕಿಕೊಳ್ಳುವ ಅಭ್ಯಾಸವಿದ್ದಿತು. ಹೊಸಪೇಟೆಯ ವೈದ್ಯರೊಬ್ಬರು ಅಕ್ಕಿಯ ಕಾಳಿನಷ್ಟು ಮಾಂಸವನ್ನು ಕತ್ತರಿಸಿ, ಸೀಸೆಯಲ್ಲಿ ಹಾಕಿ, ದೊಡ್ಡ ಊರಿನ ಪರೀಕ್ಷಾಲಯವೊಂದಕ್ಕೆ ಕಳುಹಿಸಿದರು. ೨೩ ದಿನಗಳಾದ ಮೇಲೆ ಒಂದು ಕಾಗದ ಬಂದಿತು. ಅದರಲ್ಲಿ ಎರಡು ಸಾಲು ಇಂಗ್ಲಿಷಿದ್ದಿತು: ದುಷ್ಟ ಲಕ್ಷಣ ಕಾಣಲಿಲ್ಲ, ಅವಶ್ಯವೆನಿಸಿದರೆ ಮತ್ತೆ ಪರೀಕ್ಷಿಸಬಹುದು ಎಂದು ಅದರ ತಾತ್ಪರ್ಯ. ಮೊದಲನೆಯ ಸಾಲನ್ನು ನಾವೆಲ್ಲರೂ ಓದಿದೆವು. ಎರಡನೆಯದನ್ನು ಯಾರೂ ಓದಲಿಲ್ಲ. ಅತ್ತೆಯವರೊಬ್ಬರೇ ಆ ಕಾಗದವನ್ನು ತಿರುವಿ ನೋಡಿ, “ಇದನ್ನು ನೋಡಿದವರು ಯಾರು?” ಎಂದು ಕೇಳಿದರು. ಕೆಳಗೆ ಒಂದು ರುಜು ಇದ್ದಿತು; ಹೆಸರನ್ನು ಓದಲಾಗಲಿಲ್ಲ. ಎಂಟು ತಿಂಗಳ ತರುವಾಯ ಹುಣ್ಣು ಬೆಳೆದು, ಮತ್ತೊಂದು ಪರೀಕ್ಷೆಯಲ್ಲಿ ರೋಗವು ನಿಶ್ಚಯವಾಗಿ, ಬೆಂಗಳೂರಿನಲ್ಲಿ ದವಡೆಯ ಒಂದು ಭಾಗವನ್ನು ತೆಗೆದರು. ಅನಂತರ ಅವರು ಎರಡು ವರ್ಷ ಬದುಕಿದ್ದರು.

ಯಾರನ್ನೂ ದೂರುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಮೊದಲು ಕತ್ತರಿಸಿದ ಆ ಅಕ್ಕಿಕಾಳಿನಷ್ಟು ಮಾಂಸದಲ್ಲಿ ರೋಗವು ಇಲ್ಲದೆಯೇ ಇದ್ದಿರಬಹುದು. ಹಾಗಿದ್ದರೆ ಬ್ರಹ್ಮದೇವನೇ ನೋಡಿದ್ದರೂ ಅದು ಕಾಣುತ್ತಿರಲಿಲ್ಲ. ಅಥವಾ ರೋಗವಿದ್ದು, ದಿನಕ್ಕೆ ಮಿತಿಮೀರಿ ಗಾಜಿನ ಹಲಗೆಗಳನ್ನು ನೋಡಬೇಕಾದ ಬಳಲಿದ ಕಣ್ಣೊಂದು ಅದನ್ನು ದಾಟಿ ಹೋಗಿರಬಹುದು. ಇವೆರಡರಲ್ಲಿ ಯಾವುದು ನಡೆಯಿತೆಂಬುದು ಇಂದಿಗೂ ನನಗೆ ತಿಳಿಯದು. ತಿಳಿಯುವ ದಾರಿಯೂ ಇರಲಿಲ್ಲ. ಕೇಳುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ. ಆ ಇಲ್ಲದಿರುವಿಕೆಯೇ ಈ ಲೇಖನಕ್ಕೆ ಮೂಲ.

ಮೊದಲು ಈ ಪರೀಕ್ಷೆಯ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಕತ್ತರಿಸಿದ ಮಾಂಸವು ಕೊಳೆಯದಂತೆ ಅದನ್ನು ಫಾರ್ಮಲಿನ್ ಎಂಬ ದ್ರವದಲ್ಲಿ ಇರಿಸಿ, ನೀರನ್ನು ತೆಗೆದು, ಮೇಣದ ಅಚ್ಚಿನಲ್ಲಿ ಹುದುಗಿಸುವರು. ಆ ಅಚ್ಚಿನಿಂದ ಒಂದು ಮಿಲಿಮೀಟರಿನ ಸಾವಿರದ ನಾಲ್ಕೈದು ಪಾಲಿನಷ್ಟು ತೆಳುವಾದ ಪದರವನ್ನು ಹೆರೆದು ಗಾಜಿನ ಮೇಲೆ ಹರಡುವರು. ಬಳಿಕ ಎರಡು ಬಣ್ಣಗಳನ್ನು ಹಾಕುವರು. ಒಂದು, ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ತೆಗೆದ ಹೆಮಟಾಕ್ಸಿಲಿನ್, ಇನ್ನೊಂದು ಇಯೋಸಿನ್. ಮೊದಲನೆಯದು ಜೀವಕೋಶದ ನಡುವಣ ಬೀಜವನ್ನು ನೀಲಿಯಾಗಿಸುವುದು. ಎರಡನೆಯದು ಉಳಿದುದನ್ನು ನಸುಗೆಂಪಾಗಿಸುವುದು. ೧೯ನೆಯ ಶತಮಾನದಲ್ಲಿ ಬಳಕೆಗೆ ಬಂದ ಈ ಜೋಡಿಯೇ ಇಂದಿಗೂ ಲೋಕದ ಆಸ್ಪತ್ರೆಗಳಲ್ಲೆಲ್ಲ ಮೊದಲ ಸಾಕ್ಷಿ. ರೋಗದ ನೆಲೆಯು ಜೀವಕೋಶದಲ್ಲಿಯೇ ಇರುವುದೆಂದು ಜರ್ಮನಿಯ ವಿರ್ಖೋ ಎಂಬ ಪಂಡಿತನು ೧೮೫೮ರಲ್ಲಿ ಪ್ರತಿಪಾದಿಸಿದನು. ಅಂದಿನಿಂದ, ಆ ನೀಲಿ ಬೀಜಗಳು ಎಷ್ಟು ದೊಡ್ಡವಾಗಿವೆ, ಎಷ್ಟು ವಿಕಾರವಾಗಿವೆ, ತಮ್ಮ ಎಲ್ಲೆಯನ್ನು ಮೀರಿ ನೆರೆಯ ಅಂಗಕ್ಕೆ ನುಗ್ಗಿವೆಯೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವ ವೈದ್ಯರ ಒಂದು ವರ್ಗವೇ ಬೆಳೆಯಿತು. ಪ್ಯಾಥಾಲಜಿಸ್ಟರೆಂದು ಕರೆಯುವ ಇವರನ್ನು ಈ ಲೇಖನದಲ್ಲಿ ನಿದಾನವೈದ್ಯರೆಂದು ಕರೆಯುವೆನು.

ಇವರು ಕೊಡುವ ತೀರ್ಪು ಬರಿಯ ಹೌದು ಅಲ್ಲಗಳಲ್ಲಿ ಮುಗಿಯುವುದಿಲ್ಲ. ಅರ್ಬುದವೆಂಬುದು ಒಂದೇ ರೋಗವಲ್ಲ. ಅನೇಕ ರೋಗಗಳ ಕುಲನಾಮ. ಶ್ವಾಸಕೋಶವೊಂದರಲ್ಲಿಯೇ ಗ್ರಂಥಿಯ ಕೋಶದಿಂದ ಹುಟ್ಟುವುದು ಒಂದು ಜಾತಿ, ಚಪ್ಪಟೆಕೋಶದಿಂದ ಹುಟ್ಟುವುದು ಮತ್ತೊಂದು. ಒಂದಕ್ಕೆ ಕೊಡುವ ಔಷಧವು ಇನ್ನೊಂದಕ್ಕೆ ಸಲ್ಲದಿರಬಹುದು, ಕೇಡನ್ನೂ ಮಾಡಬಹುದು. ಆದುದರಿಂದ ವಿಂಗಡಣೆಯು ಇಲ್ಲಿ ಪಂಡಿತರ ವಿನೋದವಲ್ಲ. ರೋಗಿಯ ಆಯುಸ್ಸು ಅದರ ಮೇಲೆ ನಿಂತಿದೆ.

ಈಗ ಯಂತ್ರದ ಮಾತು. ಗಾಜಿನ ಹಲಗೆಯನ್ನು ಮೂಲೆಯಿಂದ ಮೂಲೆಗೆ ಚಿತ್ರಿಸಿ ಗಣಕಯಂತ್ರಕ್ಕೆ ಕೊಡುವರು. ಇದು ರೋಗವುಳ್ಳದ್ದು, ಇದು ಇಲ್ಲದ್ದು ಎಂದು ಮೊದಲೇ ಗೊತ್ತಿರುವ ಸಾವಿರಾರು ಚಿತ್ರಗಳನ್ನು ಅದಕ್ಕೆ ತೋರಿಸುವರು. ಯಂತ್ರವು ಊಹೆಮಾಡುವುದು, ಊಹೆ ತಪ್ಪಿದಾಗ ತನ್ನೊಳಗಿನ ಲೆಕ್ಕಗಳನ್ನು ಒಂದಿಷ್ಟು ತಿದ್ದಿಕೊಳ್ಳುವುದು, ಮತ್ತೆ ಊಹಿಸುವುದು. ಹೀಗೆ ಲಕ್ಷಾಂತರ ಸಲ ತಿದ್ದಿಕೊಂಡ ಮೇಲೆ, ಹಿಂದೆ ಕಾಣದ ಚಿತ್ರವನ್ನೂ ಬಹುಮಟ್ಟಿಗೆ ಸರಿಯಾಗಿ ವಿಂಗಡಿಸುವುದು. ಅದು ಯಾವ ಗುರುತನ್ನು ಹಿಡಿದು ವಿಂಗಡಿಸಿತೆಂಬುದನ್ನು ಅದನ್ನು ಕಟ್ಟಿದವರೂ ಪೂರ್ತಿಯಾಗಿ ಹೇಳಲಾರರು. ಆದರೆ ಅದಕ್ಕೆ ಗುರುಗಳಿಲ್ಲವೆಂದು ಭಾವಿಸಬಾರದು. ೨೦೧೭ರಲ್ಲಿ ನಮ್ಮ ದೇಶದ ಸಂಶೋಧಕರು ಏಳು ಅಂಗಗಳಿಂದ ಬಂದ ೩೦ ಚಿತ್ರಗಳಲ್ಲಿ ೨೧,೬೨೩ ಕೋಶಬೀಜಗಳ ಅಂಚನ್ನು ಒಂದೊಂದಾಗಿ ಗುರುತಿಸಿ ಯಂತ್ರದ ಪಾಠಕ್ಕಾಗಿ ಪ್ರಕಟಿಸಿದರು. ೨೦೧೯ರಲ್ಲಿ ನ್ಯೂಯಾರ್ಕಿನ ಪಂಡಿತರು ೧೫,೧೮೭ ರೋಗಿಗಳ ೪೪,೭೩೨ ಹಲಗೆಗಳಿಂದ ಯಂತ್ರಕ್ಕೆ ಕಲಿಸಿದರು. ಆ ಹಲಗೆಗಳ ಮೇಲಣ ತೀರ್ಪುಗಳೆಲ್ಲ ನಿದಾನವೈದ್ಯರು ಹಿಂದೆ ಬರೆದವುಗಳೇ. ಯಂತ್ರದ ಜಾಣತನವೆಂಬುದು ಅನೇಕ ಮನುಷ್ಯರಿಂದ ಕಡವಾಗಿ ಪಡೆದ ತಾಳ್ಮೆ.

ಯಂತ್ರದ ಯೋಗ್ಯತೆಯನ್ನು ಅಳೆದ ಒಂದು ಸ್ಪರ್ಧೆಯ ವೃತ್ತಾಂತವು ಇಲ್ಲಿ ಬಹಳ ಉಪಯುಕ್ತವಾಗಿದೆ. ೨೦೧೬ರಲ್ಲಿ ಹಾಲೆಂಡಿನ ಎರಡು ಆಸ್ಪತ್ರೆಗಳಿಂದ ಒಟ್ಟು ೩೯೯ ಹಲಗೆಗಳ ಚಿತ್ರಗಳನ್ನು ಕೂಡಿಸಿದರು. ಸ್ತನದ ಅರ್ಬುದವು ಕಂಕುಳಿನ ಗ್ರಂಥಿಗೆ ಹರಡಿದೆಯೆ ಇಲ್ಲವೆ ಎಂಬುದು ಪ್ರಶ್ನೆ. ೨೭೦ ಚಿತ್ರಗಳು ಪಾಠಕ್ಕೆ, ೧೨೯ ಪರೀಕ್ಷೆಗೆ. ರೋಗವುಳ್ಳ ಒಂದನ್ನೂ ಇಲ್ಲದ ಒಂದನ್ನೂ ಜೊತೆಮಾಡಿ ಇಟ್ಟರೆ, ಅಂತಹ ಸಾವಿರ ಜೊತೆಗಳಲ್ಲಿ ಎಷ್ಟರಲ್ಲಿ ರೋಗವುಳ್ಳದ್ದರ ಮೇಲೆಯೇ ಹೆಚ್ಚಿನ ಸಂಶಯ ಬೀಳುವುದೆಂಬುದು ಅಳತೆಗೋಲು. ಎಲ್ಲಕ್ಕಿಂತ ಮೇಲಾದ ಯಂತ್ರವು ಸಾವಿರಕ್ಕೆ ೯೯೪ರಲ್ಲಿ ಗೆದ್ದಿತು. ಹನ್ನೊಂದು ಮಂದಿ ನಿದಾನವೈದ್ಯರಿಗೆ ಅವೇ ೧೨೯ ಹಲಗೆಗಳನ್ನು ಕೊಟ್ಟು, ಆಸ್ಪತ್ರೆಯ ದಿನಚರಿಯಂತೆ ಸುಮಾರು ಎರಡು ಗಂಟೆಯಲ್ಲಿ ಮುಗಿಸಬೇಕೆಂದರು. ಅವರ ಸರಾಸರಿ ೮೧೦. ಯಂತ್ರವು ವೈದ್ಯನನ್ನು ಮೀರಿಸಿತೆಂದು ಪತ್ರಿಕೆಗಳು ಬರೆದುದು ಈ ಎರಡು ಅಂಕಗಳನ್ನು ಹಿಡಿದು.

ಆದರೆ ಅದೇ ಸ್ಪರ್ಧೆಯಲ್ಲಿ ಮೂರನೆಯ ಅಂಕವೊಂದಿತ್ತು. ಒಬ್ಬ ನಿದಾನವೈದ್ಯನಿಗೆ ಕಾಲದ ಮಿತಿಯನ್ನೇ ಹಾಕಲಿಲ್ಲ. ಆತನು ಆ ಹಲಗೆಗಳನ್ನು ೩೦ ಗಂಟೆ ನೋಡಿದನು. ಆತನಿಗೆ ಬಂದುದು ೯೬೬. ಎರಡು ಗಂಟೆಯ ಮನುಷ್ಯನಿಗೂ ಮೂವತ್ತು ಗಂಟೆಯ ಮನುಷ್ಯನಿಗೂ ಇರುವ ಅಂತರವು, ಮೂವತ್ತು ಗಂಟೆಯ ಮನುಷ್ಯನಿಗೂ ಯಂತ್ರಕ್ಕೂ ಇರುವ ಅಂತರಕ್ಕಿಂತ ಬಹಳ ದೊಡ್ಡದು. ಅಂದಮೇಲೆ ಅಲ್ಲಿ ಮುಖ್ಯವಾಗಿ ಸೋತದ್ದು ಮನುಷ್ಯನ ಕಣ್ಣಲ್ಲ. ಅವನಿಗೆ ಕೊಡದೆ ಹೋದ ಕಾಲ. ನಿದಾನಕ್ಕೆ ನಿಧಾನವು ಬೇಕಾಗಿದ್ದಿತು. ನಮ್ಮ ಜನರು ಎರಡನ್ನೂ ಒಂದಾಗಿ ಉಚ್ಚರಿಸುವುದರಲ್ಲಿ ತಪ್ಪೇನಿದೆ?

ಇಷ್ಟನ್ನು ತಿಳಿದ ಮೇಲೆ ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹೊಸಪೇಟೆ ಹಂಪಿಗಳು ಅದರಲ್ಲಿಯೂ, ಸಂಡೂರು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೂ ಸೇರಿವೆ. ರೋಗವು ಮಾತ್ರ ಈ ಗಡಿಯನ್ನು ಎಣಿಸುವುದಿಲ್ಲ. ಬಳ್ಳಾರಿಯಲ್ಲಿ ೧೯೬೧ರಿಂದ ಸರಕಾರಿ ವೈದ್ಯಕಾಲೇಜು ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಲ್ಲಿ ಸ್ಥಾಪಿತವಾಗಿ ನಾಡಿನ ಅರ್ಬುದರೋಗಿಗಳಿಗೆ ಆಶ್ರಯವಾಗಿದೆ. ಆದರೆ ಹೊಸಪೇಟೆಯಿಂದ ಅದು ೩೦೦ ಕಿಲೋಮೀಟರಿಗೂ ಮಿಕ್ಕ ದೂರ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ, ಮಡಿಲಲ್ಲಿ ಕಾಗದಗಳ ಚೀಲವನ್ನಿಟ್ಟುಕೊಂಡು ನಿದ್ದೆಯಿಲ್ಲದೆ ಕುಳಿತವರನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ೨೦೨೨ರ ಒಂದು ಅಂತರರಾಷ್ಟ್ರೀಯ ಅಂದಾಜಿನಂತೆ ಆ ವರ್ಷ ಭಾರತದಲ್ಲಿ ಹೊಸದಾಗಿ ಅರ್ಬುದಕ್ಕೆ ಗುರಿಯಾದವರು ಸುಮಾರು ೧೪ ಲಕ್ಷ; ಸತ್ತವರು ೯ ಲಕ್ಷಕ್ಕೆ ಮೇಲೆ. ಇಷ್ಟು ಜನರ ಹಲಗೆಗಳನ್ನು ಮೂವತ್ತು ಗಂಟೆಯ ನಿಧಾನದಿಂದ ನೋಡುವುದು ಯಾರಿಂದಲೂ ಆಗದು.

ಹೀಗಿರುವಲ್ಲಿ ಯಂತ್ರವನ್ನು ಬೇಡವೆನ್ನುವುದು ಸುಲಭವಾದ ಮಾತಲ್ಲ. ಯಂತ್ರಕ್ಕೆ ಕರುಣೆಯಿಲ್ಲವೆಂದು ಕೆಲವರು ಆಕ್ಷೇಪಿಸುವರು. ಸೂಕ್ಷ್ಮದರ್ಶಕಕ್ಕೂ ಕರುಣೆಯಿಲ್ಲ; ಅದನ್ನು ಯಾರೂ ಆಸ್ಪತ್ರೆಯಿಂದ ಹೊರಗೆ ಹಾಕಲಿಲ್ಲ. ಜೀವದ ವಿಷಯವನ್ನು ಲೆಕ್ಕಕ್ಕೆ ಇಳಿಸುವುದು ಅಪಚಾರವೆಂದು ಇನ್ನು ಕೆಲವರು. ಆದರೆ ಸೀಸೆಯೊಂದು ಮೂರು ವಾರ ಕಪಾಟಿನಲ್ಲಿ ಕಾದಿರುವುದಕ್ಕಿಂತ ದೊಡ್ಡ ಅಪಚಾರ ಯಾವುದು? ಮನುಷ್ಯನ ಮಾತೇ ಬೇಕೆಂದು ಹಟಹಿಡಿಯುವುದು, ವೈದ್ಯರು ಬೀದಿಬೀದಿಗೂ ಇರುವ ಊರಿನವರಿಗೆ ಒಪ್ಪುವ ಭೋಗ. ಬೆಂಗಳೂರಿನಲ್ಲಿಯೇ ಐಂದ್ರ ಎಂಬ ಸಂಸ್ಥೆಯು ಗರ್ಭಕೊರಳಿನ ಜೀವಕೋಶಗಳಿಗೆ ಬಣ್ಣಹಾಕಿ, ಚಿತ್ರ ತೆಗೆದು, ಸಂಶಯವುಳ್ಳವನ್ನು ಯಂತ್ರದಿಂದ ಆರಿಸುವ ಉಪಕರಣವನ್ನು ಸಿದ್ಧಪಡಿಸಿದೆ. ಇಂತಹದು ಕಂಪ್ಲಿಯಂತಹ ಊರಿಗೆ ಬರಬಲ್ಲುದಾದರೆ, ಬಾರದಂತೆ ತಡೆಯುವ ಹಕ್ಕು ಪುಸ್ತಕ ಓದಿದ ನಮ್ಮಂಥವರಿಗೆ ಇಲ್ಲ.

ಆದುದರಿಂದ ನನ್ನ ಪ್ರಶ್ನೆಯು ಯಂತ್ರವು ಬರಬೇಕೆ ಬೇಡವೆ ಎಂಬುದಲ್ಲ; ಬಂದ ಯಂತ್ರವು ಯಾವ ಸ್ಥಾನದಲ್ಲಿ ಕುಳಿತುಕೊಳ್ಳಬೇಕೆಂಬುದು. ಇದನ್ನು ಬಿಡಿಸಿಕೊಳ್ಳಲು ಸಂಡೂರಿನ ಕಡೆಗೆ ಒಮ್ಮೆ ತಿರುಗೋಣ. ಅಲ್ಲಿಯ ಗಣಿಗಳಲ್ಲಿ ತೆಗೆದ ಅದಿರಿನ ರಾಶಿಯಿಂದ ಮಾದರಿಯನ್ನು ಎತ್ತಿ, ನೂರಕ್ಕೆ ಎಷ್ಟು ಕಬ್ಬಿಣವಿದೆಯೆಂದು ಉಪಕರಣಗಳಿಂದ ಅಳೆದು ದರ್ಜೆಗಳಾಗಿ ವಿಂಗಡಿಸುವರು. ಇಲ್ಲಿಯೂ ಚೂರನ್ನು ನೋಡಿ ರಾಶಿಯ ವಿಚಾರ ಹೇಳುವುದೇ. ಇಲ್ಲಿಯೂ ಮಾದರಿ ತಪ್ಪಬಹುದು, ಅಳತೆ ತಪ್ಪಬಹುದು. ಆದರೂ ಉಪಕರಣವು ಅದಿರನ್ನು ವಿಂಗಡಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ತಪ್ಪಾದರೆ ಮಾರಿದವನೂ ಕೊಂಡವನೂ ಹಣದಲ್ಲಿ ತೀರಿಸಿಕೊಳ್ಳುವರು. ಕೆಳದರ್ಜೆಗೆ ಬಿದ್ದ ಅದಿರು, ನನ್ನನ್ನು ಏಕೆ ಇಲ್ಲಿ ಹಾಕಿದಿರಿ ಎಂದು ಕೇಳುವುದಿಲ್ಲ. ಮನುಷ್ಯನು ಕೇಳುತ್ತಾನೆ. ಕೇಳುವ ಅಧಿಕಾರ ಅವನಿಗಿದೆ. ಆದುದರಿಂದ ಉತ್ತರ ಹೇಳುವ ಋಣವು ಅವನನ್ನು ವಿಂಗಡಿಸಿದವರಿಗೆ ಇದೆ. ತೀರ್ಪು ಸರಿಯಾಗಿದ್ದ ಮಾತ್ರಕ್ಕೆ ಆ ಋಣವು ತೀರದು. ಸರಿಯಾದ ಉತ್ತರವು ಎಲ್ಲಿಂದಲೋ ಬಂದು ಬೀಳಬಹುದು. ಆದರೆ ಅದನ್ನು ಒಬ್ಬರು ತಮ್ಮದೆಂದು ಹೇಳಿ ಅದರ ಹಿಂದೆ ನಿಂತಾಗಲೇ ಅದು ರೋಗಿಗೆ ಕೊಟ್ಟ ಮಾತಾಗುವುದು.

ಹಿಂದೆ ನಿಲ್ಲುವುದೆಂದರೇನು? ೨೦೨೪ರ ಆಗಸ್ಟ್ ೧೦ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಬಾಗಿಲು, ಸರಪಳಿ ಕಡಿದು ಕೊಚ್ಚಿಹೋಯಿತು. ಸುಮಾರು ಒಂದು ವಾರ ನೀರು ಹರಿದುಹೋಗುತ್ತಿದ್ದಾಗ ಕಂಪ್ಲಿಯ ಗದ್ದೆಯವರಿಂದ ಹಿಡಿದು ಎಲ್ಲರೂ ಕೇಳಿದ್ದು ಎರಡೇ ಮಾತು: ನೀರು ಎಷ್ಟು ಉಳಿದೀತು? ಸರಪಳಿಯನ್ನು ನೋಡಬೇಕಾದವರು ಯಾರು? ಸರಪಳಿಯನ್ನು ಯಾರೂ ಬೈಯಲಿಲ್ಲ. ಕಬ್ಬಿಣವು ತಪ್ಪುಮಾಡದು, ಸವೆಯುವುದು ಅಷ್ಟೆ. ತಪ್ಪು ಒಪ್ಪುಗಳು ಹುಟ್ಟುವುದು, ನೋಡುತ್ತೇನೆಂದು ಒಪ್ಪಿಕೊಂಡ ಮನುಷ್ಯನಲ್ಲಿ. ಯಂತ್ರದ ಊಹೆಯೂ ಹಾಗೆಯೇ. ಅದು ತಪ್ಪಿದರೆ ತಪ್ಪಿತೆಂದು ಹೇಳಬಹುದೇ ಹೊರತು, ಅದು ತಪ್ಪುಮಾಡಿತೆಂದು ಹೇಳಲಾಗದು. ತಪ್ಪನ್ನು ಹೊರುವ ಹೆಗಲು ಎಲ್ಲಿಯೂ ಇಲ್ಲದಂತೆ ಕೆಲಸವನ್ನು ಏರ್ಪಡಿಸುವುದೇ ಅಧರ್ಮ.

ಇದಕ್ಕೆ ಉತ್ತರವಾಗಿ, ಯಂತ್ರದ ತೀರ್ಪಿನ ಕೆಳಗೆ ವೈದ್ಯನ ರುಜುವನ್ನು ಹಾಕಿಸಿದರೆ ಸಾಕಲ್ಲವೆ ಎಂದು ಕೇಳಬಹುದು. ಅಮೆರಿಕದ ಸರಕಾರವು ೨೦೨೧ರಲ್ಲಿ ಪೇಜ್ ಪ್ರಾಸ್ಟೇಟ್ ಎಂಬ ಯಂತ್ರವಿಧಾನಕ್ಕೆ ಅನುಮತಿಕೊಟ್ಟಾಗ ಅದನ್ನು ನಿದಾನವೈದ್ಯನಿಗೆ ಸಹಾಯಕವೆಂದೇ ಒಪ್ಪಿತು; ತೀರ್ಪು ವೈದ್ಯನದಾಗಿಯೇ ಉಳಿಯಿತು. ಇದು ಉಚಿತವಾದ ವ್ಯವಸ್ಥೆ. ಆದರೆ ರುಜುವಿನಲ್ಲಿ ಎರಡು ಬಗೆ ಇವೆ. ನೋಡಿ ಹಾಕಿದ ರುಜು ಒಂದು. ನಂಬಿ ಹಾಕಿದ ರುಜು ಇನ್ನೊಂದು. ಯಂತ್ರವು ನೂರು ಸಲ ಸರಿಹೇಳಿದರೆ ನೂರೊಂದನೆಯ ಸಲ ವೈದ್ಯನ ಕಣ್ಣು ತಾನಾಗಿ ಸೋಮಾರಿಯಾಗುವುದು ಮನುಷ್ಯಸ್ವಭಾವ. ಅವನ ಮುಂದೆ ಎರಡು ಗಂಟೆಗೆ ನೂರಿಪ್ಪತ್ತೊಂಬತ್ತು ಹಲಗೆಗಳು ಇದ್ದರಂತೂ ಹೇಳತಕ್ಕದ್ದೇನು? ಯಂತ್ರದೊಡನೆ ಭಿನ್ನಾಭಿಪ್ರಾಯವನ್ನು ತಾಳುವುದಕ್ಕೆ ಬೇಕಾದ ಕಾಲವನ್ನೂ ಧೈರ್ಯವನ್ನೂ ಕೊಡದೆ ರುಜುವನ್ನು ಮಾತ್ರ ಕೇಳಿದರೆ, ಅದು ಹೊಣೆಯಲ್ಲ, ಹೊಣೆಯ ವೇಷ. ನಮ್ಮ ಅತ್ತೆಯವರ ಕಾಗದದ ಮೇಲೂ ರುಜು ಇದ್ದಿತಲ್ಲವೆ?

ಹಂಪಿಯ ಶಾಸನಗಳನ್ನು ಓದಿ ಅಚ್ಚುಹಾಕಿಸಿದ ವಿದ್ವಾಂಸರ ಪದ್ಧತಿಯೊಂದು ಇಲ್ಲಿ ನೆನಪಿಗೆ ಬರುತ್ತದೆ. ಕಲ್ಲು ಸವೆದು ಅಕ್ಷರವು ಸಂದಿಗ್ಧವಾಗಿದ್ದ ಕಡೆ ಅವರು ಅದನ್ನು ಕಂಸದಲ್ಲಿ ಹಾಕುವರು. ಪೂರಾ ಅಳಿಸಿಹೋಗಿದ್ದ ಕಡೆ ಚುಕ್ಕಿಗಳನ್ನಿಟ್ಟು ಬಿಡುವರು. ಕೊನೆಯಲ್ಲಿ ತಮ್ಮ ಹೆಸರನ್ನು ಹಾಕುವರು. ಇದರಿಂದ, ಇಲ್ಲಿಯವರೆಗೆ ಕಂಡೆ, ಇಲ್ಲಿ ಊಹಿಸಿದೆ, ಇಲ್ಲಿ ಕಾಣಲಿಲ್ಲ ಎಂಬ ಮೂರನ್ನೂ ಒಬ್ಬ ಮನುಷ್ಯನು ಓದುಗರ ಮುಂದೆ ಒಪ್ಪಿಕೊಂಡಂತಾಯಿತು. ಐವತ್ತು ವರ್ಷಗಳ ಮೇಲೆ ಬಂದ ಇನ್ನೊಬ್ಬನು ಅದೇ ಕಲ್ಲಿನ ಮುಂದೆ ನಿಂತು ಆ ಕಂಸವನ್ನು ತಿದ್ದಬಹುದು. ಯಂತ್ರವೂ ತನ್ನ ಸಂಶಯವನ್ನು ಒಂದು ಸಂಖ್ಯೆಯಾಗಿ ಹೇಳಬಲ್ಲುದು. ಅದು ದೊಡ್ಡ ಉಪಕಾರವೇ. ಆದರೆ ಆ ಸಂಖ್ಯೆಯು ರೋಗಿಯ ಕೈಗೆ ಬರುವಷ್ಟರಲ್ಲಿ ಎರಡು ಸಾಲು ಇಂಗ್ಲಿಷಾಗಿ, ಅದರಲ್ಲಿ ಒಂದೇ ಸಾಲು ಓದಲ್ಪಡುವುದಾದರೆ, ಕಂಸವು ಎಲ್ಲಿ ಹೋಯಿತು? ಸಂಶಯವನ್ನು ಸಂಶಯವೆಂದೇ, ರೋಗಿಯ ಭಾಷೆಯಲ್ಲಿ, ಮುಖವನ್ನು ನೋಡಿ ಹೇಳುವುದೂ ನಿದಾನದ ಒಂದು ಭಾಗ.

ಇನ್ನು ಎಲ್ಲಕ್ಕಿಂತ ಕಠಿನವಾದ ಮಾತನ್ನು ಹೇಳಬೇಕು. ಹೌದೆಂಬ ತೀರ್ಪಿಗೂ ಇಲ್ಲವೆಂಬ ತೀರ್ಪಿಗೂ ಒಂದು ದೊಡ್ಡ ಭೇದವಿದೆ. ಯಂತ್ರವು ತಪ್ಪಾಗಿ ಹೌದೆಂದರೆ, ರೋಗಿಗೆ ಕೆಲವು ದಿನ ಸಂಕಟವಾಗುವುದು ನಿಜ. ಆದರೆ ಆ ಹಲಗೆಯನ್ನು ಮತ್ತೊಬ್ಬರು ನೋಡುವರು, ಇನ್ನೊಂದು ಪರೀಕ್ಷೆ ನಡೆಯುವುದು, ತಪ್ಪು ಹೊರಬೀಳುವುದು. ತಪ್ಪಾಗಿ ಇಲ್ಲವೆಂದರೆ ಆ ಹಲಗೆಯನ್ನು ಯಾರೂ ಮತ್ತೆ ತೆಗೆಯುವುದಿಲ್ಲ. ರೋಗಿಯು ಸಂತೋಷದಿಂದ ಮನೆಗೆ ಹೋಗುವನು. ತಪ್ಪೂ ಅವನೊಡನೆ ಮನೆಗೆ ಹೋಗುವುದು. ಮೇಲೆ ಹೇಳಿದ ನ್ಯೂಯಾರ್ಕಿನ ಪಂಡಿತರು, ತಮ್ಮ ವಿಧಾನದಿಂದ ನೂರಕ್ಕೆ ೬೫ರಿಂದ ೭೫ ಹಲಗೆಗಳನ್ನು ನಿದಾನವೈದ್ಯರು ನೋಡದೆಯೇ ಬಿಡಬಹುದು, ಆದರೂ ಒಂದು ರೋಗವೂ ಕೈತಪ್ಪಿಹೋಗದು ಎಂದು ತಮ್ಮ ಪರೀಕ್ಷೆಯಿಂದ ತೋರಿಸಿದರು. ಸಾಧನೆಯು ಆಶ್ಚರ್ಯಕರವಾದುದು. ಆದರೆ ಧರ್ಮದ ಭಾರವೆಲ್ಲ ಬೀಳುವುದು ಯಾರೂ ನೋಡದೆ ಬಿಟ್ಟ ಆ ಹಲಗೆಗಳ ಮೇಲೆಯೇ.

ಅಲ್ಲಿ ಸರಿಯಾದುದು ಇಲ್ಲಿಯೂ ಸರಿಯಾದೀತೆ? ೨೦೨೧ರಲ್ಲಿ ಅಮೆರಿಕದ ಸಂಶೋಧಕರು ಒಂದು ಎಚ್ಚರಿಕೆಯ ಸಂಗತಿಯನ್ನು ಪ್ರಕಟಿಸಿದರು. ಅವರ ದೇಶದ ದೊಡ್ಡ ಚಿತ್ರಭಂಡಾರವೊಂದರಿಂದ ಕಲಿತ ಯಂತ್ರಗಳು, ಹಲಗೆಯು ಯಾವ ಆಸ್ಪತ್ರೆಯಿಂದ ಬಂದಿತೆಂಬುದನ್ನು ಬಣ್ಣದ ಛಾಯೆ ಮೊದಲಾದ ಗುರುತುಗಳಿಂದ ಕಂಡುಹಿಡಿಯಬಲ್ಲವು. ಆಸ್ಪತ್ರೆಯನ್ನು ಗುರುತಿಸಿ, ಅಲ್ಲಿಗೆ ಬರುವ ರೋಗಿಗಳು ಎಂಥವರೆಂಬುದರ ಮೇಲೆ ರೋಗವನ್ನು ಊಹಿಸಿ, ಜಾಣರೆನಿಸಿಕೊಳ್ಳುವುದು ಸಾಧ್ಯ. ಪ್ರಶ್ನೆಯನ್ನು ಓದದೆ ಉಪಾಧ್ಯಾಯರ ಕೈಬರಹವನ್ನು ನೋಡಿ ಉತ್ತರ ಹೇಳುವ ಹುಡುಗನಂತೆ. ಅಂತಹ ಹುಡುಗನನ್ನು ಬೇರೆ ಪಾಠಶಾಲೆಗೆ ಕಳುಹಿಸಿದರೆ ಗುಟ್ಟು ಬಯಲಾಗುವುದು. ಎಲೆ ಅಡಕೆ ಹೊಗೆಸೊಪ್ಪಿನಿಂದ ಬೆಳ್ಳಗಾಗಿ ಗಟ್ಟಿಯಾದ ನಮ್ಮ ಕೆನ್ನೆಗಳನ್ನೂ, ನಮ್ಮ ಸಣ್ಣ ಪರೀಕ್ಷಾಲಯಗಳ ಬಣ್ಣವನ್ನೂ ಕಾಣದ ಯಂತ್ರವು ನಮ್ಮ ವಿಷಯದಲ್ಲಿ ನಿಃಸಂದೇಹವಾಗಿ ಇಲ್ಲವೆಂದರೆ ಅದನ್ನು ಹೇಗೆ ನಂಬುವುದು? ಇದನ್ನು ಅರಿತೇ ಹೈದರಾಬಾದಿನ ವಿದ್ವಾಂಸರು ಅಲ್ಲಿಯ ನಿಜಾಮ್ ವೈದ್ಯಸಂಸ್ಥೆಯೊಡನೆ ಸೇರಿ, ಮಿದುಳಿನ ಗೆಡ್ಡೆಗಳ ೫೪೭ ಹಲಗೆಗಳನ್ನು ೩೬೭ ರೋಗಿಗಳಿಂದ ಕೂಡಿಸಿ, ಭಾರತೀಯರ ಒಂದು ಚಿತ್ರಭಂಡಾರವನ್ನು ಆರಂಭಿಸಿದ್ದಾರೆ. ಇಂತಹ ಕೆಲಸವು ನಮ್ಮ ಕರ್ಣಾಟಕದ ಬಾಯಿಯ ರೋಗಗಳಿಗೂ ಆಗಬೇಕು. ಪರಸ್ಥಳದ ಯಂತ್ರವನ್ನು ತಂದು ನಮ್ಮ ಊರಲ್ಲಿ ಕೂರಿಸುವ ಮುನ್ನ ಅದನ್ನು ನಮ್ಮ ಹಲಗೆಗಳ ಮೇಲೆ ಪರೀಕ್ಷಿಸುವುದು, ರೋಗಿಗೆ ಸಲ್ಲಬೇಕಾದ ಮೊದಲನೆಯ ಋಣ.

ಹಾಗಾದರೆ ಯಂತ್ರವು ಎಲ್ಲಿ ಕುಳಿತಿರಬೇಕು? ನನಗೆ ತೋರುವುದು ಇದು. ಬಂದ ಸೀಸೆಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂದು ಅದು ಹೇಳಲಿ. ಸಂಶಯವುಳ್ಳ ಹಲಗೆಯು ಮೂರು ವಾರ ಕಾಯದೆ ಅಂದೇ ವೈದ್ಯನ ಮುಂದೆ ಬರಲಿ. ಹಲಗೆಯ ವಿಸ್ತಾರದಲ್ಲಿ ಕಣ್ಣು ದಾಟಿಹೋಗಬಹುದಾದ ಮೂಲೆಯನ್ನು ಬೆರಳಿಟ್ಟು ತೋರಿಸಲಿ. ವೈದ್ಯನು ಇಲ್ಲವೆಂದು ಬರೆದ ಮೇಲೆ, ಇನ್ನೊಮ್ಮೆ ನೋಡಿರೆಂದು ಪೀಡಿಸಲಿ. ಇವೆಲ್ಲ ಅದಕ್ಕೆ ಒಪ್ಪುವ ಕೆಲಸಗಳು, ಅದು ಬಳಲುವುದಿಲ್ಲ. ಆದರೆ ಇಲ್ಲವೆಂದು ಹೇಳಿ ಬಾಗಿಲನ್ನು ಮುಚ್ಚುವ ಅಧಿಕಾರವನ್ನು ಅದೊಂದಕ್ಕೇ ಕೊಡಬಾರದು. ವೈದ್ಯರೇ ಸಾಲದ ಕಡೆ ಹಾಗೆ ಕೊಡಲೇಬೇಕಾದ ದಿನವು ಬಂದೀತು. ಆಗಲೂ ಮೇಣದ ಅಚ್ಚನ್ನು ಕಾಪಾಡಿ ಇಟ್ಟು, ಹುಣ್ಣು ಮಾಯದಿದ್ದರೆ ಇಷ್ಟು ದಿನಗಳೊಳಗೆ ಬನ್ನಿ, ನಾನು ಮತ್ತೆ ನೋಡುವೆನು ಎಂದು ಒಬ್ಬ ಮನುಷ್ಯನು ತನ್ನ ಹೆಸರುಹೇಳಿ ಮಾತು ಕೊಡಬೇಕು. ಮೇಣದ ಅಚ್ಚು ವರ್ಷಗಟ್ಟಲೆ ಕೆಡುವುದಿಲ್ಲ. ಮನಸ್ಸಿದ್ದರೆ ಹಳೆಯ ತೀರ್ಪನ್ನು ಎಂದಾದರೂ ತೆರೆದು ನೋಡಬಹುದು.

ಇಲ್ಲವೆಂಬ ಹಲಗೆಗಳನ್ನೂ ಮನುಷ್ಯನೇ ನೋಡಬೇಕಾದರೆ ಯಂತ್ರದಿಂದ ಆದ ಉಳಿತಾಯವೇನು ಎಂದು ಕೇಳುವವರು ಕೇಳಿಯಾರು. ಅದು ನ್ಯಾಯವಾದ ಪ್ರಶ್ನೆ. ಯಂತ್ರದಿಂದ ಕಾಲವು ಉಳಿಯುವುದು ನಿಶ್ಚಯ. ನೇರವಾದ ಹಲಗೆಯನ್ನು ಬೇಗ ನೋಡಿ ಮುಗಿಸಬಹುದು. ಎಲ್ಲಿ ನೋಡಬೇಕೆಂಬುದು ಗೊತ್ತಾದರೆ ಹುಡುಕುವ ಶ್ರಮವು ತಪ್ಪುವುದು. ಆ ಉಳಿದ ಕಾಲವು ಯಾರಿಗೆ ಸೇರಬೇಕೆಂಬುದೇ ಈ ವಿಷಯದ ತಿರುಳು. ಯಂತ್ರವನ್ನು ಕೊಂಡವನು, ಮೂವರು ವೈದ್ಯರ ಕೆಲಸಕ್ಕೆ ಇನ್ನು ಒಬ್ಬನು ಸಾಕೆಂದು ಲೆಕ್ಕಹಾಕಿದರೆ, ಉಳಿದ ಒಬ್ಬನು ಮತ್ತೆ ಎರಡು ಗಂಟೆಯ ಮನುಷ್ಯನೇ ಆಗುವನು. ಅವನ ರುಜು ಮತ್ತೆ ನಂಬಿ ಹಾಕಿದ ರುಜುವೇ ಆಗುವುದು. ಆ ಕಾಲವನ್ನು ಸಂದಿಗ್ಧವಾದ ಹಲಗೆಗೂ ಎದುರಿಗೆ ಕುಳಿತ ರೋಗಿಗೂ ಕೊಟ್ಟರೆ, ಅವನು ಮೂವತ್ತು ಗಂಟೆಯ ಮನುಷ್ಯನಾಗುವನು. ಮೇಲೆ ಹೇಳಿದ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಗೆದ್ದ ಬಾಸ್ಟನ್ ಪ್ರಾಂತದ ತಂಡದವರು ಇದನ್ನು ಅಳೆದೂ ತೋರಿಸಿದರು. ಅವರ ಯಂತ್ರಕ್ಕೆ ಆಗ ಬಂದಿದ್ದುದು ಸಾವಿರಕ್ಕೆ ೯೨೫, ವೈದ್ಯನದು ೯೬೬. ಎರಡರ ಅಭಿಪ್ರಾಯವನ್ನೂ ಕೂಡಿಸಿ ನೋಡಿದಾಗ ೯೯೫ ಆಯಿತು. ತನಗಿಂತ ಕಡಮೆಯಾದ ಯಂತ್ರದ ಸಹಾಯದಿಂದ ವೈದ್ಯನ ತಪ್ಪುಗಳು ನೂರಕ್ಕೆ ಸುಮಾರು ೮೫ರಷ್ಟು ಇಳಿದವು. ಇಬ್ಬರೂ ತಪ್ಪುವ ಸ್ಥಳಗಳು ಬೇರೆಬೇರೆಯಾದುದರಿಂದ ಒಬ್ಬರನ್ನೊಬ್ಬರು ಕಾಯಬಲ್ಲರು.

ಈ ಆಯ್ಕೆಯು ಯಂತ್ರದ್ದಲ್ಲ, ನಮ್ಮದು. ಆಸ್ಪತ್ರೆಗಳನ್ನು ನಡೆಸುವವರೂ, ಅವಕ್ಕೆ ಹಣವನ್ನು ಒದಗಿಸುವ ಸರಕಾರವೂ, ಸರಕಾರವನ್ನು ಆರಿಸುವ ನಾವೂ ಇದರಲ್ಲಿ ಪಾಲುಗಾರರು. ನಾವು ಕೇಳಬೇಕಾದುದು ದೊಡ್ಡದೇನೂ ಅಲ್ಲ. ನಮ್ಮ ಊರಿನ ಸೀಸೆಯನ್ನು ಯಂತ್ರವು ನೋಡಲಿ, ಬೇಗ ನೋಡಲಿ; ಅದರೊಡನೆ ಒಬ್ಬ ಮನುಷ್ಯನೂ ನೋಡಲಿ; ಅವನಿಗೆ ನೋಡುವಷ್ಟು ಹೊತ್ತಿರಲಿ; ಅವನ ಹೆಸರು ಓದುವಂತಿರಲಿ; ಕೇಳಿದರೆ ಉತ್ತರ ಬರಲಿ.

ಅತ್ತೆಯವರಿಗೆ ಓದುಬರಹ ಅಷ್ಟಾಗಿ ಬರುತ್ತಿರಲಿಲ್ಲ. ಕಾಯಿಲೆಯ ಕೊನೆಯ ದಿನಗಳಲ್ಲಿ, ದವಡೆಯಿಲ್ಲದ ಬಾಯಿಂದ ಅವರ ಮಾತು ಸ್ಪಷ್ಟವಾಗಿ ಹೊರಡುತ್ತಿರಲಿಲ್ಲ. ಆದರೂ ಬಂದ ವೈದ್ಯರನ್ನೆಲ್ಲ ಅವರು ಹೆಸರು ಕೇಳುತ್ತಿದ್ದರು. ಹೆಸರು ಹೇಳಿದವರಿಗೆ ಕೈಮುಗಿಯುತ್ತಿದ್ದರು. ಅದು ಹಳ್ಳಿಯ ಮರ್ಯಾದೆಯೆಂದು ಆಗ ತಿಳಿದಿದ್ದೆನು. ಮೊದಲನೆಯ ಕಾಗದದ ಮೇಲೆ ತಮಗೆ ದೊರೆಯದೆ ಹೋದುದನ್ನು ಅವರು ಕೊನೆಯವರೆಗೂ ಕೇಳುತ್ತಿದ್ದರೆಂದು ಈಗ ತೋರುತ್ತದೆ.